ಪುಣ್ಯ ಜೌಗಿನ ಇರುಳು ಕಪ್ಪೆ

ಮೊದಲ ದಿನ, ಜುಲೈ 31

ಮೈಸೂರು ಬಿಟ್ಟು ಕುಶಾಲನಗರ ದಾಟುವವರೆಗೂ ಬಿಸಿಲಿತ್ತು. ಸುಂಟಿಕೊಪ್ಪದ ಏರಿನಲ್ಲಿ ಮೊದಲ ಹನಿಗಳು ಗಾಜಿಗೆ ಬಡಿದವು. ಮಡಿಕೇರಿ ತಲುಪಿದಾಗ ಮಧ್ಯಾಹ್ನ ಎರಡು ಗಂಟೆಗೇ ವಾಹನಗಳೆಲ್ಲ ದೀಪ ಹಚ್ಚಿಕೊಂಡು ಓಡಾಡುತ್ತಿದ್ದವು. ಕಕ್ಕಡ ತಿಂಗಳಿನಲ್ಲಿ ಕೊಡಗಿಗೆ ಹೊರಟಿದ್ದೇವೆಂದಾಗ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತಿಂಗಳಿನಲ್ಲಿ ಕೊಡಗಿನವರೇ ಮದುವೆ ಮುಂಜಿಗಳನ್ನು ಇಟ್ಟುಕೊಳ್ಳುವುದಿಲ್ಲ. ಹಿಂದಿನ ಕಾಲದಲ್ಲಂತೂ ನಾಟಿ ಕೆಲಸಕ್ಕಲ್ಲದೆ ಯಾರೂ ಮನೆಯಿಂದ ಆಚೆ ಕಾಲಿಡುತ್ತಿರಲಿಲ್ಲವಂತೆ. ಆದರೆ ನಾವು ಕಾಣಬೇಕೆಂದು ಹೊರಟಿದ್ದ ಜೀವಿಗೆ ಮಳೆಗಾಲವೇ ಸುಗ್ಗಿ.

ಆ ಜೀವಿಯ ಹೆಸರೇ ನನ್ನನ್ನು ಇಲ್ಲಿಗೆ ಎಳೆದು ತಂದಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಕೊಡಗಿನ ಬ್ರಹ್ಮಗಿರಿಯ ಕಪ್ಪೆಯೊಂದನ್ನು ಹೊಸ ಪ್ರಭೇದವೆಂದು ವಿವರಿಸಿ, ಅದಕ್ಕೆ ನಿಕ್ಟಿಬ್ಯಾಟ್ರಕಸ್ ಸ್ಯಾಂಕ್ಟಿಪಲುಸ್ಟ್ರಿಸ್ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ಇರುಳು ಕಪ್ಪೆ ಎಂದರ್ಥ, ಎರಡನೆಯದಕ್ಕೆ ಪುಣ್ಯ ಜೌಗಿಗೆ ಸೇರಿದ್ದು ಎಂದರ್ಥ. ಕಾವೇರಿ ಹುಟ್ಟುವ ಜಾಗದ ಜೌಗು ನೆಲವನ್ನು ಪುಣ್ಯ ಭೂಮಿಯೆಂದೇ ಕರೆದು, ಆ ಗೌರವವನ್ನು ಹೆಬ್ಬೆರಳ ಗಾತ್ರದ ಒಂದು ಕಪ್ಪೆಯ ಹೆಸರಿನಲ್ಲಿ ಶಾಶ್ವತವಾಗಿ ಸೇರಿಸಿದ ಆ ಹಿರಿಯರ ಮನಸ್ಸನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. ಕೊಡಗಿನಲ್ಲಿ ಬ್ರಹ್ಮಗಿರಿಗಳು ಎರಡಿವೆ. ದಕ್ಷಿಣದಲ್ಲಿ ಇರ್ಪು ಜಲಪಾತದ ಮೇಲೆ ಕೇರಳದ ಗಡಿಗೆ ಹಬ್ಬಿಕೊಂಡಿರುವುದು ಒಂದು, ತಲಕಾವೇರಿಯ ನೆತ್ತಿಯ ಮೇಲಿರುವುದು ಇನ್ನೊಂದು. ನಮ್ಮ ಕಪ್ಪೆಯದು ತಲಕಾವೇರಿಯ ಬ್ರಹ್ಮಗಿರಿ.

ಜೊತೆಗಿದ್ದ ಗೆಳೆಯ ಇಪ್ಪತ್ತು ವರ್ಷಗಳಿಂದ ಕಪ್ಪೆಗಳ ಹಿಂದೆಯೇ ಇರುವ ಪ್ರಾಣಿಶಾಸ್ತ್ರದ ಅಧ್ಯಾಪಕ. ದಾರಿಯುದ್ದಕ್ಕೂ ಅವನಿಂದ ರಾವ್ ಅವರ ಕಥೆ ಕೇಳಿದೆ. 1882ರಲ್ಲಿ ಹುಟ್ಟಿ 1960ರಲ್ಲಿ ತೀರಿಕೊಂಡ ಅವರು, 1932ರಲ್ಲಿ ಬೆಂಗಳೂರಿನಿಂದ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದರು. ಅವರು ಸಂಗ್ರಹಿಸಿ ಕಾಲೇಜಿನಲ್ಲಿ ಇರಿಸಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಮಾದರಿಯೇ ಇಲ್ಲದ ಮೇಲೆ ಅವರು ವಿವರಿಸಿದ ಕಪ್ಪೆ ಯಾವುದೆಂದು ಹೋಲಿಸಿ ನೋಡುವುದಾದರೂ ಹೇಗೆ? ತೊಂಬತ್ತೊಂದು ವರ್ಷ ಈ ಪ್ರಭೇದ ಹಳೆಯ ಪತ್ರಿಕೆಯ ಪುಟದಲ್ಲಷ್ಟೇ ಉಳಿದಿತ್ತು. ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು 2011ರಲ್ಲಿ ಪಶ್ಚಿಮ ಘಟ್ಟದ ಇರುಳು ಕಪ್ಪೆಗಳನ್ನೆಲ್ಲ ಪರಿಶೀಲಿಸಿ 12 ಹೊಸ ಪ್ರಭೇದಗಳನ್ನು ಪ್ರಕಟಿಸಿದಾಗ, ಮರಳಿ ಸಿಕ್ಕಿದ ಮೂರು ಹಳೆಯ ಪ್ರಭೇದಗಳ ಪೈಕಿ ಕೊಡಗಿನ ಈ ಇರುಳು ಕಪ್ಪೆಯೂ ಇತ್ತು.

ರಾತ್ರಿ ಮಡಿಕೇರಿಗೆ ಸಮೀಪದ ಕಾಫಿ ತೋಟವೊಂದರಲ್ಲಿ ಉಳಿದೆವು. ಊಟಕ್ಕೆ ಮುಂಚೆಯೇ ತೋಟದ ಬೇಲಿಯಿಂದ ಕೂಗು ಕೇಳತೊಡಗಿತ್ತು. ಗೆಳೆಯ ಟಾರ್ಚನ್ನು ನೇರವಾಗಿ ಬಿಡದೆ, ಬೆರಳ ಸಂದಿನಿಂದ ಒಂದಿಷ್ಟೇ ಬೆಳಕು ಸೋಸಿ ಕಾಫಿ ಗಿಡದ ಎಲೆಯ ಮೇಲೆ ಹಾಯಿಸಿದ. ಅಲ್ಲಿ ಅರಿಸಿನ ಹಚ್ಚಿದಂತೆ ಹಳದಿಯಾದ, ಕಣ್ಣಿನ ಸುತ್ತ ತೆಳುವಾದ ನೀಲಿ ಬಳೆ ತೊಟ್ಟ ಪುಟ್ಟ ಪೊದೆಗಪ್ಪೆ ಕೂತಿತ್ತು. ಗಂಟಲಿನ ಕೆಳಗಿನ ಚೀಲ ಸಾಬೂನಿನ ಗುಳ್ಳೆಯಂತೆ ಉಬ್ಬಿ, ಅದರ ಮೂಲಕ ಹಿಂದಿನ ಎಲೆಯ ನರ ಕಾಣುವಷ್ಟು ಪಾರದರ್ಶಕವಾಗುತ್ತಿತ್ತು. ಇದನ್ನು 2003ರಲ್ಲಿ ಕುರಮೊಟೊ ಮತ್ತು ಜೋಶಿ ಎಂಬ ವಿಜ್ಞಾನಿಗಳು ಕೊಡಗಿನಿಂದಲೇ ವಿವರಿಸಿದ್ದು. ಇದು ಸೇರಿರುವ ಕುಲಕ್ಕೆ 2010ರಲ್ಲಿ ಇಟ್ಟ ರಾವೋರ್ಕೆಸ್ಟಿಸ್ ಎಂಬ ಹೆಸರಿನಲ್ಲಿರುವ ರಾವ್ ನಮ್ಮ ನಾರಾಯಣ ರಾವ್ ಅವರೇ. ಈ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಬಾಳೇ ಇಲ್ಲ. ಮೊಟ್ಟೆಯೊಳಗೇ ಕೈಕಾಲು ಮೂಡಿ, ಅಕ್ಕಿಕಾಳಿನಷ್ಟು ದೊಡ್ಡ ಪೂರ್ಣ ಕಪ್ಪೆಯಾಗಿಯೇ ಹೊರಬರುತ್ತವೆ. ಆದ್ದರಿಂದಲೇ ಇವು ಕೆರೆ ಹೊಂಡಗಳನ್ನು ನೆಚ್ಚದೆ, ತೇವವಿರುವ ಗಿಡಮರಗಳ ನಡುವೆ ಎಲ್ಲೆಂದರಲ್ಲಿ ಬದುಕಬಲ್ಲವು. ನಾವು ಅರಸಿ ಬಂದಿರುವ ಇರುಳು ಕಪ್ಪೆಗೆ ಆ ಸೌಲಭ್ಯವಿಲ್ಲ ಎಂದು ಗೆಳೆಯ ಹೇಳಿದ.

ಎರಡನೆಯ ದಿನ, ಆಗಸ್ಟ್ 1

ಮಡಿಕೇರಿಯಿಂದ ಭಾಗಮಂಡಲಕ್ಕೆ ನಲವತ್ತು ಕಿಲೋಮೀಟರಿಗೂ ಕಡಿಮೆ ದೂರ. ನಮಗೆ ಎರಡೂವರೆ ಗಂಟೆ ಹಿಡಿಯಿತು. ಎರಡು ಕಡೆ ಮರ ಬಿದ್ದಿತ್ತು. ಎರಡನೆಯ ಕಡೆ ಕಾಯುವಾಗ ಗೆಳೆಯ ರಸ್ತೆಗಾಗಿ ಕಡಿದ ಬಂಡೆಯ ಗೋಡೆಯತ್ತ ನನ್ನನ್ನು ಕರೆದ. ಕಾಗದದಷ್ಟು ತೆಳುವಾಗಿ ನೀರು ಇಳಿಯುತ್ತಿದ್ದ ಆ ಕಪ್ಪು ಕಲ್ಲಿನ ಮೇಲೆ, ಉದ್ದ ಬಾಲದ ಗೊದಮೊಟ್ಟೆಗಳು ಕಲ್ಲಿಗೆ ಹೊಟ್ಟೆಯೊತ್ತಿ ಅಂಟಿಕೊಂಡಿದ್ದವು. ಬೆರಳು ಹತ್ತಿರ ತಂದರೆ ಚಟ್ಟನೆ ನೆಗೆದು ಇನ್ನೊಂದು ಒದ್ದೆ ಕಲೆಗೆ ಸರಿಯುತ್ತಿದ್ದವು. ಇವು ಇಂಡಿರಾನ ಕುಲದ ಕಪ್ಪೆಯ ಮರಿಗಳು. ಮಡುವಿನಲ್ಲಿ ಈಜುವ ಬದಲು ಒದ್ದೆ ಬಂಡೆಯ ಮೇಲೆಯೇ ಬೆಳೆಯುತ್ತವೆ. ರಸ್ತೆ ಅಗಲ ಮಾಡಿ ಇಂಥ ಗೋಡೆಗಳಿಗೆ ಸಿಮೆಂಟು ಬಳಿಯುವಾಗ, ಒಂದು ಪ್ರಭೇದದ ತೊಟ್ಟಿಲ ಮೇಲೆ ಸಿಮೆಂಟು ಬಳಿಯುತ್ತಿದ್ದೇವೆಂಬುದು ಯಾರ ಗಮನಕ್ಕೂ ಬಾರದು. ನನ್ನ ಗಮನಕ್ಕಂತೂ ಆವರೆಗೆ ಬಂದಿರಲಿಲ್ಲ.

ಭಾಗಮಂಡಲದಲ್ಲಿ ಕಾವೇರಿ ಮತ್ತು ಕನ್ನಿಕೆ ಎರಡೂ ಕೆಂಪಾಗಿ, ದಡ ಮೀರಲು ಸಿದ್ಧವಾಗಿದ್ದವು. ಮೂರನೆಯದಾದ ಸುಜ್ಯೋತಿ ಕಣ್ಣಿಗೆ ಕಾಣದೆ ನೆಲದಡಿಯಲ್ಲಿ ಬಂದು ಸೇರುತ್ತಾಳೆ ಎಂಬುದು ನಂಬಿಕೆ. ಅಲ್ಲಿಂದ ಒಳದಾರಿಯಲ್ಲಿ ಜೀಪು ಹತ್ತಿಸಿ ಗೆಳೆಯನ ಹಳೆಯ ವಿದ್ಯಾರ್ಥಿಯ ತಂದೆಯವರ ಮನೆ ಸೇರಿದೆವು. ಮನೆಯೊಳಗೆ ಅರೆಭಾಷೆ ಆಡುವ ಗೌಡರ ಕುಟುಂಬ ಅದು. ಜಗಲಿಯಲ್ಲಿ ಗೊರಬೆ ಮತ್ತು ರೈನ್‌ಕೋಟು ಒಂದೇ ಗೂಟಕ್ಕೆ ತೂಗುತ್ತಿದ್ದವು. ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗುತ್ತಿತ್ತು.

ಅಂಗಳದಲ್ಲಿ ಮಳೆ ಅಳೆಯುವ ಮಾಪಕವಿತ್ತು. ಕೊಡಗಿನ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟಿನ ಲೆಕ್ಕದಲ್ಲೇ ಹೇಳುತ್ತಾರೆ. ಪ್ರತಿ ಬೆಳಿಗ್ಗೆ ಅದನ್ನು ಡೈರಿಯಲ್ಲಿ ಬರೆದಿಡುವುದು ಎಷ್ಟೋ ಮನೆಗಳಲ್ಲಿ ತಲೆಮಾರುಗಳ ರೂಢಿ. ಗೌಡರು ತಮ್ಮ ತಂದೆ ಬರೆದ ಡೈರಿಗಳನ್ನೂ ತೆಗೆದು ತೋರಿಸಿದರು. “ಆಗ ಮಳೆ ಜೂನಿನಿಂದ ಹಿಡಿದು ದಿನಾ ಒಂದೇ ಹದದಲ್ಲಿ ಬರ್ತಿತ್ತು ಸಾರ್. ಈಗ ಹತ್ತು ದಿವಸ ಒಣಗಿಸ್ತದೆ, ಮತ್ತೆ ಎರಡೇ ದಿವಸದಲ್ಲಿ ಎಲ್ಲ ಸುರಿದು ಹೋಗ್ತದೆ” ಎಂದರು. ಗೆಳೆಯ ಆ ಡೈರಿಗಳನ್ನು ಬಹಳ ಹೊತ್ತು ಓದಿದ. ಕಪ್ಪೆಗೆ ಬೇಕಾದದ್ದು ಒಟ್ಟು ಮಳೆಯಲ್ಲ, ಮಳೆಯ ಹಂಚಿಕೆ ಎಂಬುದು ಅವನ ಮಾತು. ಚರ್ಮದ ಮೂಲಕವೂ ಉಸಿರಾಡುವ ಜೀವಿಗೆ ಹತ್ತು ದಿನಗಳ ಒಣಹವೆಯೂ ಕಷ್ಟ, ಮೊಟ್ಟೆ ಅಂಟಿಸಿದ ಎಲೆಯನ್ನೇ ಕೊಚ್ಚಿಕೊಂಡು ಹೋಗುವ ನೆರೆಯೂ ಕಷ್ಟ.

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಗೌಡರು ಏಲಕ್ಕಿ ಮಲೆಗೆ ಕರೆದೊಯ್ದರು. ಧೂಪ, ನೇರಳೆ, ಬೈನೆಗಳ ದಟ್ಟ ನೆರಳಿನಲ್ಲಿ, ಇಲ್ಲಿನವರು ಕೊಲ್ಲಿ ಎನ್ನುವ ಕಾಡುತೊರೆಯ ಇಕ್ಕೆಲದ ತಂಪು ಮಣ್ಣಿನಲ್ಲಿ ಬೆಳೆಯುವ ಬೆಳೆ ಏಲಕ್ಕಿ. ಅದಕ್ಕೆ ಮೇಲಿನ ಮರ ಉಳಿಯಬೇಕು, ಕೆಳಗಿನ ತೇವ ಆರಬಾರದು. ಇರುಳು ಕಪ್ಪೆಗೂ ಬೇಕಾದದ್ದು ಅವೇ ಎರಡು. ಕಟ್ಟೆ ರೋಗ ಬಂದು ಏಲಕ್ಕಿ ಸೋತ ಮೇಲೆ ಅನೇಕರು ನೆರಳು ತೆಗೆಸಿ ಕಾಫಿ ಹಾಕಿದರು, ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕೊಲ್ಲಿಯವರೆಗೂ ಸಿಂಪಡಿಸಿದರು. ಮೈಲುತುತ್ತದಲ್ಲಿರುವ ತಾಮ್ರ ಕೊಳೆರೋಗದ ಶಿಲೀಂಧ್ರವನ್ನು ಕೊಲ್ಲುವಂತೆಯೇ ನೀರಿಗೆ ಇಳಿದರೆ ಗೊದಮೊಟ್ಟೆಗಳಿಗೂ ವಿಷವಾಗುತ್ತದೆ. ಇದಕ್ಕಾಗಿ ನಾನು ಬೆಳೆಗಾರರನ್ನು ದೂರಲಾರೆ. ಒಳ್ಳೆಮೆಣಸು ಕೊಳೆತು ಉದುರುವುದನ್ನು ಕಣ್ಣಾರೆ ನೋಡುತ್ತ ಸುಮ್ಮನೆ ಕೂರುವುದು ಯಾರಿಂದಲೂ ಆಗದು. ಆದರೆ ಕೊಲ್ಲಿಯ ಅಂಚಿನ ನಾಲ್ಕು ಸಾಲು ಗಿಡಗಳನ್ನು ಸಿಂಪಡಣೆಯಿಂದ ಬಿಟ್ಟುಬಿಡುವುದು ಅಸಾಧ್ಯವಾದ ತ್ಯಾಗವಲ್ಲ. ಈ ಗೌಡರು ಐದು ವರ್ಷಗಳಿಂದ ಹಾಗೆ ಮಾಡುತ್ತಿದ್ದಾರೆ.

ಆ ರಾತ್ರಿ ನಮಗೆ ಏನೂ ದೊರೆಯಲಿಲ್ಲ. ಏಳು ಗಂಟೆಗೆ ಮರಳಿ ಹಿಡಿದ ಮಳೆ ಸದ್ದಿನಲ್ಲಿ ಪಕ್ಕದಲ್ಲಿದ್ದವನ ಮಾತೂ ಕೇಳುತ್ತಿರಲಿಲ್ಲ. ಕೊಲ್ಲಿ ಉಕ್ಕಿ ಹರಿಯುತ್ತಿತ್ತು. ದಾಟುವಾಗ ಗೆಳೆಯನ ಕಾಲು ಜಾರಿ, ಮೊದಲ ರಾತ್ರಿಯ ಕೂಗುಗಳಿದ್ದ ಧ್ವನಿಮುದ್ರಕ ನೀರಿಗೆ ಬಿತ್ತು. ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆವು; ಬದುಕಲಿಲ್ಲ. ಮನೆಗೆ ಮರಳುವಾಗ, ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ ನಿಂತ ನೀರಿನ ಮೇಲೆ ಬಾಗಿದ್ದ ಪೇರಳೆ ಕೊಂಬೆಯಲ್ಲಿ, ಎಲೆಗಳನ್ನು ಮಡಚಿ ಅಂಟಿಸಿದ ನೊರೆಗೂಡೊಂದು ಕಂಡಿತು. ಅದು 1870ರಷ್ಟು ಹಿಂದೆಯೇ ಜರ್ಡನ್ ಎಂಬ ಪ್ರಾಣಿವಿಜ್ಞಾನಿ ಹೆಸರಿಸಿದ ಮಲಬಾರ್ ಹಾರುವ ಕಪ್ಪೆಯ ಗೂಡು. ಬೆರಳುಗಳ ನಡುವಿನ ಕೇಸರಿಗೆಂಪು ಪೊರೆಯನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಹಸಿರು ಕಪ್ಪೆ ಅದು. ನೊರೆಯಲ್ಲಿ ಒಡೆದ ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ಎಷ್ಟೋ ಜನರು ಕೊಡಗಿಗೆ ಬಂದು ಇದನ್ನೊಂದು ನೋಡಿದರೆ ಸಾಕೆಂದುಕೊಳ್ಳುತ್ತಾರೆ. ನಾನು ನೋಡಿದೆನಾದರೂ ಮನಸ್ಸು ಕೊಲ್ಲಿಯ ಕಡೆಗೇ ಇತ್ತು.

ಮೂರನೆಯ ದಿನ, ಆಗಸ್ಟ್ 2

ಬೆಳಿಗ್ಗೆ ಗೌಡರು ಮಾಪಕದ ನೀರನ್ನು ಅಳೆದು “ನಾಲ್ಕು ಇಂಚು ಅರುವತ್ತು ಸೆಂಟು” ಎಂದು ಬರೆದುಕೊಂಡರು. ನಾವು ಎಂಟು ಕಿಲೋಮೀಟರ್ ಮೇಲಿನ ತಲಕಾವೇರಿಗೆ ಹೊರಟೆವು.

ಸಮುದ್ರ ಮಟ್ಟದಿಂದ 1276 ಮೀಟರ್ ಎತ್ತರದ ಆ ಜಾಗದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೆಟ್ಟಿಲ ಬುಡದಲ್ಲಿ ನಿಂತವರಿಗೆ ದೇವಾಲಯ ಕಾಣುತ್ತಿರಲಿಲ್ಲ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಂದು ತೀರ್ಥೋದ್ಭವ ನೋಡಲು ಸಾವಿರಾರು ಜನ ಸೇರುವ ಕುಂಡಿಕೆಯ ಮುಂದೆ ಆ ದಿನ ನಾವಿಬ್ಬರು ಮತ್ತು ಕೊಡೆ ಹಿಡಿದ ಒಂದು ವೃದ್ಧ ದಂಪತಿ ಮಾತ್ರ ಇದ್ದೆವು. ಕುಂಡಿಕೆಯ ನೀರು ನೆಲದಡಿಗೆ ಇಳಿದು, ಕೆಳಗೆ ಎಲ್ಲೋ ನದಿಯಾಗಿ ಮೇಲೆದ್ದು ಬರುತ್ತದೆಂದು ಹೇಳುತ್ತಾರೆ. ನಾನು ಭಕ್ತಿಯಿಂದಲೇ ತೀರ್ಥ ತೆಗೆದುಕೊಂಡೆ. ಆಮೇಲೆ ಆವರಣದಾಚೆಗಿನ ಇಳಿಜಾರನ್ನು ನೋಡುತ್ತ ನಿಂತಾಗ, ನಾರಾಯಣ ರಾವ್ ಅವರು ಪುಣ್ಯ ಜೌಗು ಎಂದು ಏಕವಚನದ ಒಂದು ಬಿಂದುವನ್ನಲ್ಲ, ಈ ಇಡೀ ಗುಡ್ಡದ ಒದ್ದೆಯನ್ನು ಉದ್ದೇಶಿಸಿದ್ದರೆಂದು ನನಗೆ ಮನದಟ್ಟಾಯಿತು. ನೆತ್ತಿಯ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಸೇರಿಕೊಂಡ ಶೋಲಾ ಕಾಡು, ಅವೆರಡರ ಕೆಳಗಿನ ಕರಿಮಣ್ಣು ಕೂಡಿ ಮಳೆಗಾಲದ ನೀರನ್ನು ಹತ್ತಿ ಹೀರಿದಂತೆ ಹೀರಿಟ್ಟುಕೊಂಡು, ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುತ್ತವೆ. ಹುಲ್ಲಿನ ಬುಡ ತುಳಿದಲ್ಲೆಲ್ಲ ನೀರು ಜಿನುಗುತ್ತಿತ್ತು. ನದಿ ಹುಟ್ಟುವುದು ಹೀಗೆ, ನೂರಾರು ಕಡೆ ಒಟ್ಟಿಗೆ.

ರಸ್ತೆಯಿಂದ ನೋಡಿದರೆ ಮಂಜಿನ ನಡುವೆ ಗುಡ್ಡದ ಮೈಮೇಲೆ ಗಾಯದ ಕಲೆ ಕಾಣುತ್ತದೆ. 2020ರ ಆಗಸ್ಟ್ ತಿಂಗಳಿನಲ್ಲಿ ಇಲ್ಲಿನ ಒಂದು ಮಗ್ಗುಲು ರಾತ್ರೋರಾತ್ರಿ ಜಾರಿ, ಅರ್ಚಕರ ಮನೆಗಳನ್ನು ಒಳಗಿದ್ದವರ ಸಮೇತ ಹೂತುಹಾಕಿತ್ತು. ಅದಕ್ಕೂ ಎರಡು ವರ್ಷ ಹಿಂದೆ, 2018ರ ಆಗಸ್ಟ್‌ನಲ್ಲಿ, ಮಡಿಕೇರಿಯ ಆಸುಪಾಸಿನ ಊರೂರುಗಳೇ ಕುಸಿದಿದ್ದವು. ಅಲ್ಲಿ ನಿಂತು ಕಪ್ಪೆಯ ಮಾತಾಡುವುದು ಸಣ್ಣದೆನಿಸಿ ನಾವು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಸುತ್ತಲಿನ ಕಾಡು 1987ರಲ್ಲಿ ಘೋಷಿತವಾದ ತಲಕಾವೇರಿ ವನ್ಯಜೀವಿಧಾಮ, ಸುಮಾರು 105 ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು ಗುಂಪಿಗೆ ತಲಕಾವೇರಿಯದೇ ಹೆಸರಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, ಹಾಗಿರುವುದೇ ಸರಿ. ಫೋಟೋಕ್ಕಾಗಿ ಕೊಲ್ಲಿಯ ಕಲ್ಲುಗಳನ್ನು ಮಗುಚಿ ಹಾಕಿ ಹೋಗುವವರನ್ನು ಗೆಳೆಯ ಬೇರೆಡೆ ಕಂಡಿದ್ದಾನೆ. ಮಗುಚಿದ ಕಲ್ಲಿನ ಅಡಿಯಲ್ಲಿದ್ದ ಮೊಟ್ಟೆ ಆಮೇಲೆ ಉಳಿಯುವುದಿಲ್ಲ. ನಾವು ರಾತ್ರಿಯ ಹುಡುಕಾಟವನ್ನು ಗೌಡರ ಮಲೆಗೇ ಮೀಸಲಿಟ್ಟೆವು. ಹೊರಡುವ ಮೊದಲು ಗೆಳೆಯ ಬೂಟುಗಳನ್ನು ಉಜ್ಜಿ ತೊಳೆದು ಸ್ಪಿರಿಟ್ ಸವರಿಸಿದ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಲೋಕದ ಹಲವು ಭಾಗಗಳಲ್ಲಿ ಪ್ರಭೇದಗಳನ್ನೇ ಅಳಿಸಿಹಾಕಿದೆ. ಒಂದು ಕೊಲ್ಲಿಯ ಕೆಸರು ಇನ್ನೊಂದು ಕೊಲ್ಲಿಗೆ ನಮ್ಮ ಕಾಲಿನಲ್ಲಿ ಹೋಗಬಾರದು.

ಎಂಟು ಗಂಟೆಗೆ ಮಳೆ ಸೋನೆಯಾಗಿ ಇಳಿಯಿತು. ಮುಖ್ಯ ಕೊಲ್ಲಿಯ ಅಬ್ಬರದಿಂದ ದೂರವಾಗಿ, ಏಲಕ್ಕಿ ಹಿಂಡಿಲುಗಳ ನಡುವೆ ಅಂಗೈ ಅಗಲದ ಒಂದು ಜಿನುಗಿನ ಬಳಿ ಗೌಡರು ನಿಂತರು. ಟಾರ್ಚ್ ಆರಿಸಿ ಕುಕ್ಕರುಗಾಲಲ್ಲಿ ಕೂತೆವು. ಜಿಗಣೆಗಳು ಮೊಣಕಾಲವರೆಗೆ ಏರಿದ್ದವು, ಯಾರೂ ಕೈಯಾಡಿಸಲಿಲ್ಲ. ಹತ್ತು ನಿಮಿಷವಾದ ಮೇಲೆ, ಮರದಿಂದ ಹನಿ ಬೀಳುವ ಸದ್ದಿಗೂ ಅದಕ್ಕೂ ವ್ಯತ್ಯಾಸ ತಿಳಿಯದಷ್ಟು ಮೆಲ್ಲಗೆ, ಎರಡು ಬಾರಿ ‘ಟೊಕ್, ಟೊಕ್’ ಎಂದಿತು. ಪೊದೆಗಪ್ಪೆಗಳ ಜೋರು ಕೂಗಿನ ಮುಂದೆ ಅದು ಪಿಸುಮಾತು.

ಗೆಳೆಯ ಬೆಳಕನ್ನು ನೆಲಕ್ಕೆ ಬಿಟ್ಟು ನಿಧಾನವಾಗಿ ಮೇಲೆತ್ತಿದ. ನೀರಿನ ಮೇಲೆ ಬಾಗಿದ್ದ ಜರಿಗಿಡದ ಎಲೆಯಲ್ಲಿ ಸಬ್ಬಕ್ಕಿ ಬೆಂದಂತೆ ತಿಳಿಯಾದ ಮೊಟ್ಟೆಗಳ ಸಣ್ಣ ಗೊಂಚಲಿತ್ತು, ಎಣಿಸಿದರೆ ಇಪ್ಪತ್ತೆರಡು. ಪ್ರತಿಯೊಂದರ ನಡುವೆಯೂ ಸಾಸಿವೆಯಷ್ಟು ಕಂದು ಚುಕ್ಕೆ, ಒಂದೆರಡರಲ್ಲಿ ಆ ಚುಕ್ಕೆ ಕೊಂಚ ಉದ್ದವಾಗಿತ್ತು. ಅದರ ನೇರ ಕೆಳಗೆ, ಅರ್ಧ ನೀರಿನಲ್ಲಿ ಅರ್ಧ ಕಲ್ಲಿನ ಮೇಲೆ, ಕಂದು ಮೈಯ ಕಪ್ಪೆ. ನೀರಿನಲ್ಲಿ ಬಹಳ ಹೊತ್ತು ಬಟ್ಟೆ ಒಗೆದ ಅಮ್ಮನ ಬೆರಳ ತುದಿಯಂತೆ ಅದರ ಬೆನ್ನ ಚರ್ಮ ಸುಕ್ಕುಗಟ್ಟಿತ್ತು. ಕಣ್ಣಿನ ಪಾಪೆ ದುಂಡಗಿರಲಿಲ್ಲ; ಕಂಚಿನ ಬಣ್ಣದ ನಡುವೆ ಇಸ್ಪೀಟಿನ ಡೈಮಂಡಿನಂತೆ ನಾಲ್ಕು ಮೂಲೆಯದಾಗಿತ್ತು. ನಾವು ಅಷ್ಟು ಸಮೀಪವಿದ್ದರೂ ಅದು ಹಾರಲಿಲ್ಲ. ಈ ಕುಲದ ಹಲವು ಪ್ರಭೇದಗಳಲ್ಲಿ ಗಂಡು ಹೀಗೆಯೇ ಮೊಟ್ಟೆಗಳ ಹತ್ತಿರ ಉಳಿಯುತ್ತದೆ. ಮೊಟ್ಟೆ ಒಡೆದಾಗ ಗೊದಮೊಟ್ಟೆಗಳು ನೇರ ಕೆಳಗಿನ ನೀರಿಗೆ ಬೀಳುತ್ತವೆ. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ವಿವರಿಸಲಾದ ಕುಂಬಾರ ಕಪ್ಪೆಯಂತೂ ಇದೇ ಕುಲದ್ದು. ಅದರ ಗಂಡು ಮೊಟ್ಟೆಗಳ ಮೇಲೆ ಕೈಯಾರೆ ಮಣ್ಣು ಮೆತ್ತುತ್ತದೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಈ ಇರುಳು ಕಪ್ಪೆಗಳ ಕುಲ ಜಗತ್ತಿನ ಬೇರಾವ ಕಡೆಯೂ ಇಲ್ಲ. ಇವುಗಳ ನೆಂಟರು ಶ್ರೀಲಂಕೆಯಲ್ಲೂ ಇದ್ದಾರೆ.

“ಇದೇನಾ ನೀವು ಹೇಳಿದ ಕಪ್ಪೆ?” ಎಂದು ಗೌಡರು ಪಿಸುಗುಟ್ಟಿದರು.

“ಇರುಳು ಕಪ್ಪೆ ಹೌದು ಗೌಡ್ರೇ. ಆ ಹೆಸರಿನದೇ ಎಂದು ನೋಡಿ ಹೇಳುವುದಕ್ಕೆ ಆಗುವುದಿಲ್ಲ” ಎಂದ ಗೆಳೆಯ.

ಒಂದಕ್ಕೊಂದು ಹೋಲುವ ಪ್ರಭೇದಗಳು ಈ ಕುಲದಲ್ಲಿ ತುಂಬ ಇವೆ. ಅಳತೆ, ಕೂಗು, ವಂಶವಾಹಿ ಮೂರೂ ತಾಳೆಯಾಗದೆ ಹೆಸರು ಹಚ್ಚುವಂತಿಲ್ಲ. ನಮ್ಮಲ್ಲಿ ಅನುಮತಿಯೂ ಇರಲಿಲ್ಲ, ಧ್ವನಿಮುದ್ರಕವೂ ಉಳಿದಿರಲಿಲ್ಲ. ಅದು ಅದೇ ಇರಬೇಕೆಂದು ನನ್ನ ಮನಸ್ಸು ಬಹಳವಾಗಿ ಬಯಸಿತು. ಆದರೆ ಗೆಳೆಯ ತನ್ನ ಪುಸ್ತಕದಲ್ಲಿ ಕುಲದ ಹೆಸರನ್ನಷ್ಟೇ ಬರೆದು, ಪ್ರಭೇದದ ಜಾಗವನ್ನು ಖಾಲಿ ಬಿಟ್ಟದ್ದು ನನಗೆ ಇಷ್ಟವಾಯಿತು.

ಮರಳಿ ಹೊರಡುವಾಗ ಆ ಜಿನುಗಿನ ಮೇಲುಗಡೆ, ಕಲ್ಲುಗಳ ನಡುವೆ ಸಿಕ್ಕಿಸಿದ್ದ ಕಪ್ಪು ಪೈಪು ಕಾಲಿಗೆ ತೊಡರಿತು. ಬೇಸಿಗೆಯಲ್ಲಿ ಮನೆಗೆ ನೀರು ಇಳಿಸಲು ಹಾಕಿದ್ದೆಂದು ಗೌಡರು ಹೇಳಿದರು. ಮಾರ್ಚ್ ಬಂದರೆ ಜಿನುಗಿನ ನೀರೆಲ್ಲ ಅದರೊಳಗೇ ಹೋಗುತ್ತದೆ.

ನಾಲ್ಕನೆಯ ದಿನ, ಆಗಸ್ಟ್ 3

ಕಕ್ಕಡ ಹದಿನೆಂಟು. ಬೆಳಗಿನ ಜಾವದಿಂದಲೇ ಅಡುಗೆಮನೆಯಲ್ಲಿ ಮದ್ದುಸೊಪ್ಪಿನ ಪರಿಮಳ ಹರಡಿತ್ತು. ಹಿಂದಿನ ದಿನ ಕೊಯ್ದು ತಂದ ಹಸಿರು ಸೊಪ್ಪನ್ನು ಬೇಯಿಸಿದರೆ ನೀರು ಕಡು ನೇರಳೆಯಾಗುತ್ತದೆ; ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತಾರೆ. ಈ ಒಂದು ದಿನ ಆ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿಗಳು ಸೇರಿರುತ್ತವೆಂದು ಕೊಡಗಿನವರು ನಂಬುತ್ತಾರೆ. “ಇನ್ನೊಂದು ಸೌಟು ಹಾಕ್ತೇನೆ, ಮಳೆಯಲ್ಲಿ ಕೂತವರು ನೀವು” ಎಂದು ಗೌಡರ ಮನೆಯವರು ಬೇಡವೆಂದರೂ ಬಡಿಸಿದರು. ಬಟ್ಟಲಿನ ಅಂಚಿನಲ್ಲಿ ತುಪ್ಪ ಕರಗಿ ನೇರಳೆಯ ಮೇಲೆ ಹೊಳೆಯುತ್ತಿತ್ತು.

ಊಟದ ನಡುವೆ ಗೌಡರು ಕೇಳಿದರು: “ಮೇಷ್ಟ್ರೇ, ಅದಕ್ಕೆ ಎಷ್ಟು ನೀರು ಬೇಕು?”

“ಎಷ್ಟು ಎಂದು ಅಳತೆ ಹೇಳಲಾರೆ ಗೌಡ್ರೇ. ಮೊಟ್ಟೆಯ ಕೆಳಗೆ ನೀರು ಇರಬೇಕು. ಮರಿ ಕಾಲು ಮೂಡಿ ಹೊರಬರುವವರೆಗೂ ಅದು ನಿಲ್ಲಬಾರದು. ಬೇಸಿಗೆಯಲ್ಲೂ ಕಲ್ಲಿನ ಸಂದು ಒಣಗಬಾರದು.”

ಗೌಡರು ಏನೂ ಹೇಳದೆ ಕೈ ತೊಳೆದು, ಗೊರಬೆ ತಲೆಗೇರಿಸಿ, ಕತ್ತಿ ಹಿಡಿದು ಇಳಿದರು. ಅರ್ಧ ಗಂಟೆಯಾದರೂ ಬಾರದಿದ್ದಾಗ ನಾವೂ ಹಿಂದೆ ಹೋದೆವು. ಅವರು ಕಲ್ಲುಗಳ ನಡುವಿನಿಂದ ಪೈಪಿನ ಬಾಯನ್ನು ಕಿತ್ತು, ಇಳಿಜಾರಿನಲ್ಲಿ ಎಳೆದುಕೊಂಡು ಬಂದು, ಜಿನುಗು ಮುಖ್ಯ ಕೊಲ್ಲಿಗೆ ಸೇರುವ ಜಾಗಕ್ಕಿಂತ ನಾಲ್ಕು ಮಾರು ಕೆಳಗೆ ಹೊಸದಾಗಿ ಸಿಕ್ಕಿಸುತ್ತಿದ್ದರು. ಅಲ್ಲಿಂದ ಮನೆಗೆ ಇಳಿಜಾರು ಕಡಿಮೆ. ನೀರು ಹತ್ತುತ್ತದೋ ಇಲ್ಲವೋ ನೋಡಬೇಕೆಂದರು. ಗೆಳೆಯ ಬೂಟು ಬಿಚ್ಚಿ ಬರಿಗಾಲಲ್ಲಿ ನೀರಿಗಿಳಿದು ಕಲ್ಲು ಎತ್ತಿಕೊಟ್ಟ. ನಾನು ಪೈಪಿನ ಇನ್ನೊಂದು ತುದಿ ಹಿಡಿದು ಅಂಗಳದತ್ತ ನಡೆದೆ. ಬಾವಿಕಟ್ಟೆಯ ಹತ್ತಿರ ನಿಂತಾಗ ಮೊದಲು ಗಾಳಿ ಬಂತು, ಆಮೇಲೆ ಒಂದಿಷ್ಟು ಕೆಸರು, ಆಮೇಲೆ ಕಿರುಬೆರಳ ದಪ್ಪದ ನೀರು.